ಹಗಲು ನಾಟಕದ ಹಡಗು

ಆ ವರ್ಷ ಮುನಿಗಂಗಪ್ಪನಿಗೆ ಬೇಕಾಗಿದ್ದದ್ದು ಒಂದೇ. ಮತ್ತಿಕೆರೆಯ ನಾಟಕದಲ್ಲಿ ಹಡಗು ಮುಳುಗಬೇಕು, ಮುಳುಗುವುದನ್ನು ರಾಮಲಕ್ಷ್ಮಮ್ಮ ಕಣ್ಣಾರೆ ನೋಡಬೇಕು.

ಹಿಟ್ಲರನ ಯುದ್ಧದ ಕಾಲದಲ್ಲಿ ಅವನೂ, ಅವನು ಅಣ್ಣನೆಂದೇ ಕರೆಯುತ್ತಿದ್ದ ರಾಮಲಕ್ಷ್ಮಮ್ಮನ ಗಂಡ ಹನುಮಯ್ಯನೂ ಬೊಂಬಾಯಿಗೆ ಹೋಗಿ ಒಂದು ಸರಕು ಹಡಗಿನ ಅಡುಗೆಮನೆಗೆ ಸೇರಿದ್ದರು. ಅರಬ್ಬಿ ಸಮುದ್ರದ ನಡುವೆ ಒಂದು ಮಧ್ಯಾಹ್ನ ಸಬ್‌ಮೆರೀನೊಂದು ಆ ಹಡಗಿಗೆ ಹೊಡೆಯಿತು. ತರಕಾರಿ ಸಿಪ್ಪೆ ಎಸೆಯಲು ಮೇಲೆ ಬಂದಿದ್ದ ಮುನಿಗಂಗಪ್ಪ ಬದುಕಿಕೊಂಡ. ಕೆಳಗೆ ಬೇಳೆ ಬೇಯಿಸುತ್ತಿದ್ದ ಹನುಮಯ್ಯ ಮೇಲೆ ಬರಲಿಲ್ಲ. ಇಷ್ಟನ್ನೂ ಅವನು ಊರಿಗೆ ಮರಳಿದ ದಿನವೇ ಹೇಳಿದ್ದ. ಆಮೇಲೂ ಕೇಳಿದಾಗಲೆಲ್ಲ ಹೇಳಿದ್ದ. ರಾಮಲಕ್ಷ್ಮಮ್ಮ ನಂಬಲಿಲ್ಲ. ಅವಳ ಅಪನಂಬಿಕೆಗೆ ಅದರದೇ ತರ್ಕವಿತ್ತು.

“ಊರಷ್ಟು ದೊಡ್ಡದು ಅಂತೀಯ, ಕಬ್ಬಿಣದ್ದು ಅಂತೀಯ. ಕಬ್ಬಿಣ ತೇಲ್ತು ಅಂದ್ರೂ ನಂಬ್ಬೇಕು, ಮುಳುಗ್ತು ಅಂದ್ರೂ ನಂಬ್ಬೇಕು. ಎರಡೂ ನಿನ್ ಬಾಯಿಂದ್ಲೇ ಬರ್ತದೆ. ನಾನೊಂದ್ ಸಲ ನೋಡ್ಬೇಕು ಗಂಗಪ್ಪ.”

ಹೆಬ್ಬಾಳದ ಕೆರೆಗಿಂತ ದೊಡ್ಡ ನೀರನ್ನು ಕಾಣದ ಊರು ಅವಳ ಮಾತಿಗೆ ತಲೆದೂಗಿತು. ಹೀಗಾಗಿ ಅವಳು ಇಪ್ಪತ್ತು ವರ್ಷ ಕುಂಕುಮವಿಟ್ಟು, ಬಳೆ ತೊಟ್ಟು, ಗಂಡನ ದಾರಿ ನೋಡಿದಳು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಹನುಮಯ್ಯ ಹೊರಟಾಗ ತೊಟ್ಟಿಲಲ್ಲಿದ್ದ ಮಗಳು ವೆಂಕಟಲಕ್ಷ್ಮಿ ಈಗ ಮದುವೆಗೆ ನಿಂತಿದ್ದಳು. ಚಿಕ್ಕಬಾಣಾವರದ ಗಂಡು ಒಪ್ಪಿದ್ದ, ಅವಳೂ ಒಪ್ಪಿದ್ದಳು. ರಾಮಲಕ್ಷ್ಮಮ್ಮ ಮಾತ್ರ, “ಅವರಪ್ಪ ಬಂದು ಧಾರೆ ಎರೀಲಿ” ಎಂದು ಕೂತಿದ್ದಳು. ಈ ಮಾಘ ದಾಟಿದರೆ ಬೇರೆ ಹೆಣ್ಣು ನೋಡುತ್ತೇವೆಂದು ಗಂಡಿನವರು ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಚೀನಾ ಯುದ್ಧ ಬಂದು ಹೋಯಿತು. ರಕ್ಷಣಾ ನಿಧಿಗೆಂದು ಊರೂರಲ್ಲೂ ನಾಟಕವಾಡಿಸುತ್ತಿದ್ದ ಅಧಿಕಾರಿಯೊಬ್ಬರು ಮತ್ತಿಕೆರೆಗೂ ಬಂದು ಎರಡು ಷರತ್ತು ಹಾಕಿದರು: ಪುರಾಣ ಬೇಡ, ಈ ಕಾಲದ ಯುದ್ಧ ಬೇಕು. ಮತ್ತು ಕತ್ತಲಾದ ಮೇಲೆ ತಮಗೆ ಕೂರಲಾಗದು, ಆದ್ದರಿಂದ ನಾಟಕ ಹಗಲಲ್ಲೇ ಆಗಬೇಕು. ಮತ್ತಿಕೆರೆಗೆ ಗೊತ್ತಿದ್ದ ಯುದ್ಧ ಕುರುಕ್ಷೇತ್ರವೊಂದೇ. ಈ ಕಾಲದ ಯುದ್ಧವನ್ನು ಕಂಡಿದ್ದವನು ಮುನಿಗಂಗಪ್ಪನೊಬ್ಬನೇ. ಹೀಗೆ ಅವನ ಹಡಗು ರಂಗಕ್ಕೆ ಬಂತು.

ಆ ಸೀಮೆಯಲ್ಲಿ ನಾಟಕದ ಪಾತ್ರಗಳನ್ನು ಪ್ರತಿಭೆ ನೋಡಿ ಹಂಚುವುದಿಲ್ಲ. ಯಾರು ಹೆಚ್ಚು ಹಣ ಹಾಕುತ್ತಾರೋ ಅವರಿಗೆ ದೊಡ್ಡ ಪಾತ್ರ. ಹಾರ್ಮೋನಿಯಂ ಮೇಷ್ಟರ ಸಂಬಳ, ಬಾಡಿಗೆಯ ಪರದೆ, ಕಿರೀಟ ಎಲ್ಲವೂ ಅದರಿಂದಲೇ ಹೊರಡುವುದರಿಂದ ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ತೋಟ, ಬಾವಿ, ಪಂಪುಸೆಟ್ಟಿನ ಯಜಮಾನ ಚಿಕ್ಕಬೈರಪ್ಪ ಕ್ಯಾಪ್ಟನ್ನಾದ. ಹಿಂದಿನ ಎಲ್ಲ ನಾಟಕಗಳಲ್ಲೂ ದುರ್ಯೋಧನನಾಗಿದ್ದ ಮುನಿಶಾಮಪ್ಪ ಸಬ್‌ಮೆರೀನನ್ನು ಹಿಡಿದುಕೊಂಡ. ಉಳಿದ ನಾವಿಕರೂ ಮಾರಾಟವಾದರು. ಹಡಗಿನ ಅಡುಗೆಯವನನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಪಾತ್ರ ಪುಕ್ಕಟೆಯಾಗಿ ಮುನಿಗಂಗಪ್ಪನ ಪಾಲಿಗೆ ಬಂತು. ಹನುಮಯ್ಯನಾಗಿ ಅವನೇ ನಿಲ್ಲಬೇಕಾಯಿತು.

ಯಲಹಂಕದಿಂದ ಬಂದ ಹಾರ್ಮೋನಿಯಂ ಮೇಷ್ಟರು ನರಸಿಂಹಯ್ಯ ಕಥೆ ಕೇಳಿ ಹುಬ್ಬು ಗಂಟಿಕ್ಕಿದರು.

“ಶತ್ರು ಯಾವ ಕಡೆಯಿಂದ ಪ್ರವೇಶ ಮಾಡಿದ?”

“ಕಾಣಿಸ್ಲೇ ಇಲ್ಲ ಮೇಷ್ಟ್ರೆ. ನೀರೊಳಗಿದ್ದ.”

“ಏನಾದರೂ ನುಡಿದನೇ?”

“ಇಲ್ಲ. ದೊಡ್ಡ ಬಾಗ್ಲು ಹಾಕ್ದಂಗೆ ಒಂದ್ ಸದ್ದು ಬಂತು, ಅಷ್ಟೇ. ಹಡಗು ಹಿಂದಿಂದ ತಗ್ಗ್ತಾ ಹೋಯ್ತು.”

“ಅಷ್ಟೇ ಅಂದ್ರೆ?” ಎಂದು ಮುನಿಶಾಮಪ್ಪ ಎದ್ದು ನಿಂತ. “ನಾನ್ ದುಡ್ಡು ಹಾಕಿರೋದು ನೀರೊಳಗೆ ಕೂರೋಕಾ? ನಂಗೆ ಮೂರು ಪದನಾದ್ರೂ ಬೇಕು. ಗದೆ ಬೇಕು.”

ಮೇಷ್ಟರು ಕಣ್ಣು ಮುಚ್ಚಿ ಒಂದು ಶ್ರುತಿ ಹಿಡಿದರು. ದುರ್ಯೋಧನ ಜಲಸ್ತಂಭನ ವಿದ್ಯೆಯಿಂದ ವೈಶಂಪಾಯನ ಸರೋವರದಲ್ಲಿ ಅಡಗಿದ್ದು ನೆನಪಾಗಿ ಅವರ ಮುಖ ಅರಳಿತು. “ಸರಿ. ಸರೋವರದಿಂದ ಎದ್ದು ಬರಲಿ. ಕಿರೀಟ ಇದ್ದೇ ಇದೆ.”

ಇದಕ್ಕೂ ಮುನಿಗಂಗಪ್ಪ ಒಪ್ಪಿದ. ಗದೆಯೋ ಬಾಂಬೋ, ಕೊನೆಗೆ ಹಡಗು ಮುಳುಗಿದರೆ ಸಾಕಿತ್ತು. ಅದಕ್ಕಾಗಿ ಅವನು ತಲೆ ಖರ್ಚು ಮಾಡಿ ಒಂದು ಎತ್ತಿನ ಗಾಡಿಯ ಮೇಲೆ ಬಿದಿರು ದಬ್ಬೆಯ ಹಡಗು ಕಟ್ಟಿದ್ದ. ಹಿಂಬದಿಯ ಕೆಳಗೆ ಆಸರೆಗೆ ಕೊಟ್ಟ ಊರುಗೋಲನ್ನು ಎಳೆದರೆ ನೊಗ ಮೇಲಕ್ಕೇಳುತ್ತದೆ, ಗಾಡಿಯ ಹಿಂಬದಿ ನೆಲ ಮುಟ್ಟುತ್ತದೆ. ಮುಂದೆ ಇಬ್ಬರು ನೀಲಿ ಬಟ್ಟೆ ಅಲ್ಲಾಡಿಸಿದರೆ ಅಂದು ಕಂಡದ್ದೇ ಕಣ್ಣ ಮುಂದೆ ಬರುತ್ತದೆ. ಒಬ್ಬನೇ ಇದ್ದಾಗ ಒಂದು ಸಲ ಬಗ್ಗಿಸಿ ನೋಡಿ, ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ತಾಲೀಮಿನ ದಿನ ಗಾಡಿ ಬಗ್ಗುವುದನ್ನು ಕಂಡು ಚಿಕ್ಕಬೈರಪ್ಪ ಹಡಗಿನಿಂದ ಇಳಿದುಬಿಟ್ಟ.

“ಏನಿದು? ನಾನ್ ನಿಂತಿರೋ ಹಡಗು ಮುಳುಗ್ತದಾ? ಇಡೀ ಸೀಮೆ ನೆಂಟ್ರು ಬರ್ತಾರೆ ಕಣಯ್ಯ! ಅವರ ಮುಂದೆ ನಾನು ನೀರು ಕುಡ್ಕೊಂಡ್ ಹೋಗ್ಲಾ?”

“ಬೈರಪ್ಪಣ್ಣ, ನಿಜವಾಗ್ಲೂ ಆ ಕ್ಯಾಪ್ಟನ್ನು…”

“ಆ ಕ್ಯಾಪ್ಟನ್ನು ಸೋತ ಅಂದ್ರೆ ಅವನು ಪಡ್ಕೊಂಡ್ ಬಂದಿದ್ದು ಅಷ್ಟೇ. ನಾನ್ ದುಡ್ಡು ಕೊಟ್ಟಿದೀನಿ.”

ನಾವಿಕರೆಲ್ಲರೂ ತಾವೂ ದುಡ್ಡು ಕೊಟ್ಟಿರುವುದನ್ನು ನೆನಪಿಸಿಕೊಂಡರು. ಮೇಷ್ಟರು ಇಕ್ಕಟ್ಟಿಗೆ ಬಿದ್ದರು. ಯಾರೂ ಸಾಯದಿದ್ದರೆ ಕರುಣರಸವಿಲ್ಲ, ಕರುಣರಸವಿಲ್ಲದೆ ನಿಧಿಗೆ ಹಣ ಬೀಳುವುದಿಲ್ಲ. “ಒಬ್ಬರಾದರೂ ಮುಳುಗಲೇಬೇಕಪ್ಪ. ಹಣ ಹಾಕದೇ ಇರೋರು ಯಾರಿದ್ದಾರೆ?” ಎಂದು ಸುತ್ತ ನೋಡಿದರು. ಎಲ್ಲರೂ ಮುನಿಗಂಗಪ್ಪನ ಕಡೆ ತಿರುಗಿದರು.

ಸಂಕ್ರಾಂತಿ ಕಳೆದ ಭಾನುವಾರ ಅರಳಿಕಟ್ಟೆಯ ಮುಂದೆ ನಾಟಕ. ಹಗಲು ಬೆಳಕಿನಲ್ಲಿ ಎಲ್ಲವೂ ಇದ್ದದ್ದು ಇದ್ದ ಹಾಗೇ ಕಾಣುತ್ತಿತ್ತು. ಸಮುದ್ರದ ತೇಪೆ, ಮುಖದ ಬಣ್ಣದಿಂದಿಳಿಯುವ ಬೆವರು, ಸರೋವರದ ಹಿಂದೆ ಕೂತು ಬೀಡಿ ಸೇದುತ್ತಿದ್ದ ಸಬ್‌ಮೆರೀನು. ರಾಮಲಕ್ಷ್ಮಮ್ಮ ಮಗಳ ಜೊತೆ ಮುಂದಿನ ಚಾಪೆಯಲ್ಲೇ ಕೂತಿದ್ದಳು. ಇವತ್ತು ನೋಡಿಬಿಡುತ್ತೇನೆ ಎಂಬಂತೆ ಸೆರಗು ಬಿಗಿದುಕೊಂಡಿದ್ದಳು.

ಚಿಕ್ಕಬೈರಪ್ಪ ಕ್ಯಾಪ್ಟನ್ನಿನ ಟೋಪಿಯ ಕೆಳಗೆ ಭುಜಕೀರ್ತಿ ಕಟ್ಟಿಕೊಂಡು ಹಾಡುತ್ತಿದ್ದ. ಅವನ ಮೂರನೇ ಪದದ ನಡುವೆ, ಸಬ್‌ಮೆರೀನಿನ ಹೊಡೆತಕ್ಕೆಂದು ಇಟ್ಟಿದ್ದ ಪಟಾಕಿ ಸರ ಹೊತ್ತಿಕೊಂಡಿತು. ಅದು ಹೊತ್ತಬೇಕಾಗಿದ್ದದ್ದು ಐದನೇ ಪದದ ಮೇಲೆ. ಕ್ಯಾಪ್ಟನ್ನು ಕಿವಿಯನ್ನೂ ಅಲ್ಲಾಡಿಸದೆ ಹಾಡು ಮುಂದುವರಿಸಿದ. ನಾವಿಕರು ತಮ್ಮ ಸರದಿ ಕಾಯುತ್ತ ಸಾಲಾಗಿ ನಿಂತಿದ್ದರು. ಗಾಡಿಯ ಹಿಂಬದಿಯಲ್ಲಿ ಖಾಲಿ ಪಾತ್ರೆಗೆ ಸೌಟು ಆಡಿಸುತ್ತಿದ್ದ ಮುನಿಗಂಗಪ್ಪ ಸದ್ದು ಕೇಳಿದ ಕೂಡಲೇ ತಲೆಯೆತ್ತಿದ. ಅವನಿಗೆ ಮಾತಿರಲಿಲ್ಲ, ಪದವೂ ಇರಲಿಲ್ಲ. ಸೌಟು ಹಿಡಿದುಕೊಂಡೇ ನೀಲಿ ಬಟ್ಟೆಯ ಕೆಳಗೆ ಹೋದ.

ಬಟ್ಟೆಯ ಕೆಳಗೆ ಧೂಳು, ಸೆಕೆ. ಬಿಸಿಲು ನೀಲಿಯಾಗಿ ಸೋರುತ್ತಿತ್ತು. ಕೈ ಚಾಚುವಷ್ಟು ಹತ್ತಿರದಲ್ಲೇ ಗಾಡಿಯ ಊರುಗೋಲು ಕಾಣಿಸಿತು. ಎಳೆದರೆ ಮುಗಿಯಿತು. ಆಮೇಲೆ ಬೈರಪ್ಪಣ್ಣ ಬೈಯಲಿ, ಹೊಡೆಯಲಿ, ಹುಡುಗಿಯ ಮದುವೆಯಾಗುತ್ತದೆ. ಮುನಿಗಂಗಪ್ಪ ಎಳೆದ. ಊರುಗೋಲು ಕೈಗೆ ಬಂತು. ಹಡಗು ಅಲ್ಲಾಡಲಿಲ್ಲ. ತೆವಳಿ ನೋಡಿದರೆ, ಚಿಕ್ಕಬೈರಪ್ಪನ ಬಾವಿಯ ಹಳೆಯ ಕಪಿಲೆ ಹಗ್ಗ ತಂದು ನೊಗವನ್ನು ಅರಳಿಕಟ್ಟೆಗೆ ಬಿಗಿದು ಕಟ್ಟಿದ್ದರು.

ಮೇಲೆ ಮುನಿಶಾಮಪ್ಪ ಗದೆ ಎತ್ತಿಕೊಂಡು ಸರೋವರದಿಂದ ಎದ್ದ. ಕ್ಯಾಪ್ಟನ್ನಿಗೂ ಅವನಿಗೂ ವಾಗ್ವಾದವಾಯಿತು, ಪದಕ್ಕೆ ಪದವಾಯಿತು. ಜನ ಒನ್ಸ್ ಮೋರ್ ಕೂಗಿದರು. ಕೊನೆಗೆ ಸಬ್‌ಮೆರೀನು ತೊಡೆ ಮುರಿಸಿಕೊಂಡು ಕ್ಷಮೆ ಕೇಳಿ, ಮಂಗಳಕ್ಕೆ ಎದ್ದು ನಿಂತಿತು. ಅಧಿಕಾರಿಗಳು ಭಾಷಣದಲ್ಲಿ, ಇಂಥ ಕ್ಯಾಪ್ಟನ್ನರು ಹಳ್ಳಿಗೊಬ್ಬರಿದ್ದರೆ ದೇಶದ ಯಾವ ಹಡಗೂ ಮುಳುಗದು ಎಂದರು. ಚಪ್ಪಾಳೆ ಬಿತ್ತು. ಅಡುಗೆಯವನ ನೆನಪು ಯಾರಿಗೂ ಇರಲಿಲ್ಲ. ಮುನಿಗಂಗಪ್ಪನಿಗೂ ಏಳುವ ಮನಸ್ಸಿರಲಿಲ್ಲ.

ಯಾರೋ ಬಟ್ಟೆಯ ಅಂಚೆತ್ತಿದರು. ರಾಮಲಕ್ಷ್ಮಮ್ಮ.

“ಏಳು ಗಂಗಪ್ಪ. ಮಂಗ್ಳಾರ್ತಿ ಆಯ್ತು.”

“ಅತ್ಗೆ, ಹಡಗು ಮುಳುಗ್ಲಿಲ್ಲ.”

“ನೋಡ್ದೆ. ದುಡ್ಡು ಕೊಟ್ ಹತ್ತಿದೋರು ಮುಳುಗ್ತಾರಾ?” ಅವಳು ಅಲ್ಲೇ ಕೂತಳು. “ನೀನು ಹೋದೆ, ಅವರು ಹಾಡ್ತಾನೇ ಇದ್ರು. ತಿರುಗೂ ನೋಡ್ಲಿಲ್ಲ. ನಾನ್ ನಿನ್ನೇ ನೋಡ್ತಿದ್ದೆ.” ಆಮೇಲೆ ಕೇಳಿದಳು: “ನಮ್ಮನೆಯವರು ಸಂಬಳಕ್ಕೆ ಹೋದೋರು ತಾನೆ?”

“ಹೂಂ.”

“ಕೆಳಗೇ ಇದ್ರು ತಾನೆ?”

“ಹೂಂ. ಬೇಳೆ ಮುಂದೆ.”

“ಅಂಗಾದ್ರೆ ಮುಳುಗಿರ್ತಾರೆ ಬಿಡು.”

ಇಪ್ಪತ್ತು ವರ್ಷ ಅವನು ಹೇಳಿ ಸೋತದ್ದನ್ನು ಅವಳು ಅಷ್ಟು ಸಣ್ಣ ದನಿಯಲ್ಲಿ ಹೇಳಿದಳು. ಈಗ ಮುನಿಗಂಗಪ್ಪನಿಗೇ ಅದನ್ನು ಒಪ್ಪಲು ಇಷ್ಟವಾಗಲಿಲ್ಲ. ಸೌಟಿಗೆ ಮೆತ್ತಿದ ಧೂಳು ಒರೆಸುತ್ತ ಕೂತ.

“ಧಾರೆ ನೀನೇ ಎರಿ. ಮಾಘ ದಾಟ್ಸೋದು ಬ್ಯಾಡ,” ಎಂದಳು. “ಕುಂಕ್ಮದ ಮಾತು ಮಾತ್ರ ಯಾವನೂ ಎತ್ಬಾರ್ದು. ಅದು ನಂದು.”

ಅರಳಿಕಟ್ಟೆಯ ಆಚೆ ಊಟಕ್ಕೆ ಎಲೆ ಹಾಕುತ್ತಿದ್ದರು. ಮೊದಲ ಪಂಕ್ತಿಯಲ್ಲಿ ಅಧಿಕಾರಿಗಳು, ಅವರ ಪಕ್ಕ ಭುಜಕೀರ್ತಿ ಬಿಚ್ಚದ ಚಿಕ್ಕಬೈರಪ್ಪ, ಅವನ ಪಕ್ಕ ಗದೆಯಿಟ್ಟುಕೊಂಡ ಮುನಿಶಾಮಪ್ಪ. ರಾಮಲಕ್ಷ್ಮಮ್ಮ ಅದನ್ನೇ ನೋಡುತ್ತಿದ್ದಳು.

“ಅವತ್ತು ಅವರು ಉಂಡಿದ್ರಾ?”

“ಇಲ್ಲ ಅತ್ಗೆ. ಕ್ಯಾಪ್ಟನ್ನು, ಸಾಹೇಬ್ರದೆಲ್ಲ ಆದ್ಮೇಲೆ ನಮ್ದು.”

ಅವಳು ಎದ್ದು ಸೆರಗು ಕೊಡವಿದಳು. ಅವನ ಕೈಯಿಂದ ಸೌಟು ತೆಗೆದುಕೊಂಡಳು.

“ಲಕ್ಷ್ಮೀ,” ಎಂದು ಮಗಳನ್ನು ಕೂಗಿದಳು. “ಮನೆಗೆ ನಡಿ. ಒಲೆ ಹತ್ಸು, ನಿಮ್ ಚಿಕ್ಕಪ್ಪಂಗೆ ಮೊದ್ಲು ಹಾಕು. ಇವರ ಊಟ ಆಗ್ಲಿ ಅಂತ ಇಲ್ಲಿ ಕಾಯೋದ್ ಬ್ಯಾಡ.”