ನೀಲಿ ಪೋರ್ಟು

ನಮ್ಮ ಸ್ಟುಡಿಯೊದಲ್ಲಿ ಎರಡು ಕೋಣೆ, ನಡುವೆ ತೆಳು ಹಲಗೆಯ ಗೋಡೆ. ಆ ಕಡೆ ನನ್ನ ಗಂಡ ವಿಡಿಯೊ ಎಡಿಟ್ ಮಾಡುತ್ತಾರೆ. ಈ ಕಡೆ ನಾನು ಅದೇ ವಿಡಿಯೊಗಳಿಗೆ ಅಡಿಬರಹ ಬರೆಯುತ್ತೇನೆ. ಹೆಚ್ಚಿನವು ಕಾರ್ಖಾನೆಗಳ ಸುರಕ್ಷತಾ ಪಾಠಗಳು: ಹೆಲ್ಮೆಟ್ ಹೇಗೆ ಹಾಕಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲಿಗೆ ಓಡಬೇಕು. ಯಾರೋ ಆಡಿದ ಉದ್ದದ ಮಾತನ್ನು ಎರಡು ಸಾಲಿಗೆ ಇಳಿಸಿ, ಅರ್ಥ ಕೆಡದಂತೆ ಕೂರಿಸುವುದು ನನ್ನ ಕೆಲಸ. ಮುಗಿದ ಮೇಲೆ ಪೆನ್‌ಡ್ರೈವ್ ಹಿಡಿದು ಪಕ್ಕದ ಕೋಣೆಗೆ ಹೋಗಿ ಕೊಡುತ್ತೇನೆ. ಅವರು ತಿರುಗಿಯೂ ನೋಡದೆ ಚುಚ್ಚುತ್ತಾರೆ, ಫೈಲು ಹೋಗುತ್ತದೆ, ಪೆನ್‌ಡ್ರೈವ್ ವಾಪಸ್ ನನ್ನ ಅಂಗೈಗೆ ಬರುತ್ತದೆ. ಉಸಿರು ಎಳೆದು ಬಿಡುವಷ್ಟು ಹೊತ್ತೂ ಬೇಕಿಲ್ಲ.

ಕ್ಯಾಮೆರಾದವಳ ಡಿಸ್ಕು ಹಾಗಲ್ಲ. ಅವಳು ಹೊಸದಾಗಿ ಸೇರಿದವಳು. ಇಡೀ ದಿನ ಕಾರ್ಖಾನೆಯಲ್ಲಿ ಶೂಟಿಂಗ್ ಮುಗಿಸಿ, ಸಂಜೆ ಡಿಸ್ಕ್ ತಂದು ಕಾಪಿ ಮಾಡಿಸಿ, ಅದನ್ನು ವಾಪಸ್ ತೆಗೆದುಕೊಂಡೇ ಮನೆಗೆ ಹೋಗಬೇಕು. ಮರುದಿನಕ್ಕೆ ಅದೇ ಡಿಸ್ಕ್ ಬೇಕು. ಎತ್ತರದ ಹುಡುಗಿ, ಕಡ್ಡಿಯಂಥ ಕಾಲು. ಬಂದ ವಾರದೊಳಗೇ ನನ್ನ ಗಂಡ ಅವಳಿಗೆ ಕ್ಯಾಮೆರಾ ಕೂರಿಸುವ ಮುಕ್ಕಾಲಿಯ ಹೆಸರನ್ನೇ ಇಟ್ಟರು, ‘ಟ್ರೈಪಾಡ್’. ಅವರು ಕಂಡಕಂಡವರಿಗೆಲ್ಲ ಅಡ್ಡಹೆಸರು ಇಡುವವರಲ್ಲ. ನನಗೊಮ್ಮೆ ಇಟ್ಟಿದ್ದರು. ಮದುವೆಯಾದ ಮೇಲೆ ಅದು ಎಲ್ಲೋ ಬಿದ್ದುಹೋಯಿತು. ಈಗ ನಾನು ಬರೀ ‘ಇವಳೇ’.

ಕಾಪಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟೂ ಹೊತ್ತು ಗೋಡೆಯಾಚೆ ಮಾತು. ಅವರ ದನಿ ತಗ್ಗಿ ಬರುವುದು, ಒಂದು ಕ್ಷಣ ನಿಲ್ಲುವುದು, ಆಮೇಲೆ ಅವಳು ಕಿಸಕ್ಕನೆ ನಗುವುದು. ಬೇರೆಯವರ ಮಾತು ಕೇಳಿ ಬರೆಯುವುದೇ ನನ್ನ ಕಸುಬು, ಆದರೆ ಆ ಮಾತು ಮಾತ್ರ ಎಷ್ಟು ಕಿವಿಗೊಟ್ಟರೂ ಪೂರ್ತಿ ಸಿಗುತ್ತಿರಲಿಲ್ಲ.

ಒಂದು ಸಂಜೆ ಅತ್ತೆ ಕೆಳಗಿಳಿದು ಬಂದರು. ನಮ್ಮ ಮನೆ ಸ್ಟುಡಿಯೊದ ಮೇಲೇ ಇದೆ. ನನ್ನ ಬಾಗಿಲಲ್ಲಿ ನಿಂತು ಆ ಕಡೆಯ ನಗು ಕೇಳಿ, “ಪರವಾಗಿಲ್ವೇ, ನನ್ನ ಮಗನಿಗೆ ಮಾತು ಮರೆತೇ ಹೋಗಿದೆ ಅಂದ್ಕೊಂಡಿದ್ದೆ” ಎಂದರು. ಅವರಿಗೆ ನಿಜಕ್ಕೂ ಖುಷಿಯಾಗಿತ್ತು. ನನ್ನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ನನಗೆ ಭಯವಾಗಲು ಕಾರಣವಿತ್ತು. ನಮ್ಮ ಮದುವೆ ಹುಟ್ಟಿದ್ದೇ ಇಂಥದೊಂದು ಕಾಯುವಿಕೆಯಲ್ಲಿ. ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಆಗ ಅವರು ನೋಡಿಕೊಳ್ಳುತ್ತಿದ್ದರು. ನಾನು ಪ್ರಬಂಧವನ್ನು ಸೀಡಿಗೆ ಬರೆಸಿಕೊಳ್ಳಲು ಹೋಗುತ್ತಿದ್ದೆ. ಬೇರೆ ಹುಡುಗಿಯರು ಸೀಡಿ ಹಿಡಿದು ಆಗಲೇ ಹೊರಟಿರುತ್ತಿದ್ದರು, ನನ್ನದು ಮಾತ್ರ ಇನ್ನೂ ತಿರುಗುತ್ತಲೇ ಇರುತ್ತಿತ್ತು. ಯಾಕೆ ಎಂದು ಕೇಳಿದರೆ, “ನಿಧಾನ ಬರೆದ್ರೆ ಗಟ್ಟಿ ರೀ, ಅಳಿಸಿ ಹೋಗಲ್ಲ” ಎನ್ನುತ್ತಿದ್ದರು. ನಾನು ನಂಬಿದೆ. ಹೊತ್ತು ಕಳೆಯಲೆಂದು ಅವರು ಮೇಷ್ಟರುಗಳ ಅಣಕು ಮಾಡುತ್ತಿದ್ದರು, ನಾನು ನಗುತ್ತಿದ್ದೆ. ವರ್ಷ ಮುಗಿಯುವಷ್ಟರಲ್ಲಿ ಬರೆಸಲು ಏನೂ ಇಲ್ಲದಿದ್ದರೂ ಖಾಲಿ ಸೀಡಿ ಹಿಡಿದು ಹೋಗುತ್ತಿದ್ದೆ. ಅದಕ್ಕೇ ನನ್ನ ಅಡ್ಡಹೆಸರು ‘ಖಾಲಿ ಸೀಡಿ’.

ಪರದೆಯ ಮೇಲಿನ ಒಂದು ಹಸಿರು ಪಟ್ಟಿ ನಿಧಾನಕ್ಕೆ ತುಂಬುವಾಗ ಎರಡು ಜೀವಗಳ ನಡುವೆ ಏನೇನು ತುಂಬಬಹುದು ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ.

ಹೀಗೆ ನಾನು ಪೋರ್ಟುಗಳ, ಅಂದರೆ ವೈರು ಚುಚ್ಚುವ ಕಿಂಡಿಗಳ ಬಗ್ಗೆ ಓದತೊಡಗಿದೆ. ನಮ್ಮ ಹಳೆಯ ಡೆಸ್ಕ್‌ಟಾಪಿನ ಹಿಂದಿದ್ದವೆಲ್ಲ ಕಪ್ಪು ಪೋರ್ಟುಗಳು, ಆಮೆಗಳು. ಒಳಗೊಂದು ಕಾರ್ಡ್ ಕೂರಿಸಿದರೆ ಎಷ್ಟೋ ಪಟ್ಟು ವೇಗದ ನೀಲಿ ಪೋರ್ಟು ಸಿಗುತ್ತದೆ. ಟ್ರೈಪಾಡಿನ ಡಿಸ್ಕ್ ಹೊಸದು, ಅದಕ್ಕೆ ಆ ವೇಗ ತಡೆದುಕೊಳ್ಳುವ ತಾಕತ್ತಿದೆ. ಕಂಪ್ಯೂಟರ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪನ ಮಗನನ್ನು ಕರೆಸಿದೆ.

ನನ್ನ ಗಂಡ ಕುರ್ಚಿ ತಿರುಗಿಸಿ ಕೂತರು. “ಡೆಸ್ಕ್‌ಟಾಪಿಗೆ ಯಾಕೋ ಅದೆಲ್ಲ? ಲ್ಯಾಪ್‌ಟಾಪ್‌ನವರಿಗೆ ಸರಿ. ಪಾಪ, ಅದರ ಹೊಟ್ಟೇಲಿ ಜಾಗ ಇಲ್ಲ, ಎಲ್ಲಾನೂ ಹೊರಗೆ ನೇತುಹಾಕ್ಬೇಕು. ಇದು ಮನೆ ಯಜಮಾನ ಇದ್ದಂಗೆ. ಬೇಕಾದ್ದೆಲ್ಲ ಒಳಗೇ ಇದೆ. ಹೊರಗೆ ಇರೋದು ಮೌಸು, ಕೀಬೋರ್ಡು, ಪ್ರಿಂಟರು. ಮೌಸಿಗೆ ಯಾವ ರೈಲು ಹಿಡಿಯೋ ಅವಸರ?”

ನನ್ನ ತಮ್ಮ ನಕ್ಕ. “ಭಾವ ಹೇಳೋದೂ ಸುಳ್ಳಲ್ಲ ಅಕ್ಕ. ಹತ್ತು ಜನ ಡೆಸ್ಕ್‌ಟಾಪ್ ಇಟ್ಕೊಂಡೋರಲ್ಲಿ ಎಂಟು ಜನಕ್ಕೆ ಇದು ಬೇಡ.”

“ಮಿಕ್ಕ ಇಬ್ಬರು?”

“ಹೊರಗಿಂದ ದಿನಾ ಮೂಟೆಗಟ್ಟಲೆ ತಂದು ಇಳಿಸೋರು.”

“ನಮ್ಮಲ್ಲೂ ದಿನಾ ಇಳಿಯುತ್ತಲ್ಲ” ಎಂದೆ. “ಯಜಮಾನನ ಹೊಟ್ಟೆ ಎಷ್ಟು ದೊಡ್ಡದಾದ್ರೇನು, ಬಾಗಿಲು ಕಿರಿದಾದ್ರೆ ಮೂಟೆ ಹೊತ್ತೋರು ಬಿಸಿಲಲ್ಲಿ ನಿಂತಿರ್ಬೇಕು. ಆ ಹುಡುಗಿ ದಿನಾ ಕಾಯ್ತಾಳೆ.”

“ಅವಳೇನು ನಿನ್ನ ಹತ್ರ ಬಂದು ಗೋಳಾಡಿದ್ಳಾ?” ಎಂದರು ಗಂಡ. ತೀರ ಬೇಗ ಬಂದ ಪ್ರಶ್ನೆ. ನಾನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

“ಗೋಳಾಡೋ ತನಕ ಕಾಯ್ಬೇಕಾ?”

“ಏನಪ್ಪ ಇದು, ಇವಳಿಗೆ ಟ್ರೈಪಾಡ್ ಮೇಲೆ ಇದ್ದಕ್ಕಿದ್ದಂಗೆ ಇಷ್ಟು ಕರುಳು!” ಎಂದು ತಮ್ಮನ ಕಡೆ ಕಣ್ಣು ಹೊಡೆದರು. ತಮ್ಮ ಆಗಲೇ ಕ್ಯಾಬಿನೆಟ್ಟಿನ ಮುಚ್ಚಳ ಬಿಚ್ಚುತ್ತಿದ್ದ. ಅಕ್ಕನ ಮುಖ ನೋಡಿಯೇ ಅವನಿಗೆ ತೀರ್ಪು ತಿಳಿದಿತ್ತು.

ಮೊದಲ ಸಂಜೆ ನಾನೇ ಪಕ್ಕದಲ್ಲಿ ನಿಂತೆ. ಟ್ರೈಪಾಡ್ ಡಿಸ್ಕ್ ಚುಚ್ಚಿ ಬ್ಯಾಗು ಇಳಿಸಿ ನೀರು ಕುಡಿದಳು. ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಂತೆ ಹಸಿರು ಪಟ್ಟಿ ಕೊನೆ ಮುಟ್ಟುತ್ತಾ ಬಂತು.

“ಅಯ್ಯೋ, ಆಗೇಹೋಯ್ತಾ?” ಕಣ್ಣರಳಿಸಿದಳು. “ಅಕ್ಕಾ, ನಿಮ್ಮ ಹೊಟ್ಟೆ ತಣ್ಣಗಿರಲಿ. ಇವತ್ತು ಮೊದಲ್ನೇ ಬಸ್ಸೇ ಸಿಗುತ್ತೆ!”

ನನ್ನ ಹೊಟ್ಟೆ ನಿಜವಾಗಿಯೂ ತಣ್ಣಗಾಯಿತು. ಅವಳು ದಡದಡನೆ ಮೆಟ್ಟಿಲಿಳಿದು ಹೋದಳು. ನನ್ನ ಗಂಡ ಖಾಲಿ ಕುರ್ಚಿಯನ್ನು ಕಾಲಲ್ಲಿ ಮೇಜಿನ ಕೆಳಗೆ ತಳ್ಳಿದರು, ಮತ್ತೆ ಎಳೆದರು. “ಚೆನ್ನಾಗಿದೆ ನಿನ್ನ ಪೋರ್ಟು” ಎಂದರು, ಉಪ್ಪಿಲ್ಲದ ಸಾರನ್ನು ಮರ್ಯಾದೆಗೆ ಹೊಗಳುವವರ ಹಾಗೆ.

ಕೆಲವು ದಿನ ಗೋಡೆಯಾಚೆ ಮೌಸಿನ ಟಿಕ್ ಟಿಕ್ ಬಿಟ್ಟರೆ ಏನೂ ಕೇಳಲಿಲ್ಲ. ನನ್ನ ಅಡಿಬರಹ ಸರಾಗವಾಗಿ ಸಾಗಿತು. ಅತ್ತೆಯ ಜೊತೆ ಕೂಡ ಮೃದುವಾಗಿ ಮಾತಾಡಿದೆ.

ಆಮೇಲೊಂದು ಸಂಜೆ ನಗು ವಾಪಸ್ ಬಂತು. ಮರುದಿನವೂ ಬಂತು. ಬಂದದ್ದು ಹೋಗಲೇ ಇಲ್ಲ, ಮೊದಲಿನಷ್ಟೇ ಹೊತ್ತು. ಶೂಟಿಂಗ್ ಹೆಚ್ಚಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾರ್ಡ್ ಕೆಟ್ಟಿರಬಹುದು ಎಂದು ತಮ್ಮನಿಗೆ ಫೋನ್ ಮಾಡಿದೆ. “ಅಷ್ಟು ಬೇಗ ಕೆಡಲ್ಲ ಅಕ್ಕ, ವೈರ್ ಸರಿಯಾಗಿ ಕೂತಿದ್ಯಾ ನೋಡು” ಎಂದ.

ಗಂಡ ಟೀ ತರಲು ಬೀದಿಯ ಮೂಲೆಗೆ ಹೋದದ್ದು ಕಿಟಕಿಯಿಂದ ಕಂಡಿತು. ನಾನು ಪಕ್ಕದ ಕೋಣೆಗೆ ಹೋದೆ. ಟ್ರೈಪಾಡ್ ಒಬ್ಬಳೇ ಗಡಿಯಾರ ನೋಡುತ್ತಾ ಕೂತಿದ್ದಳು. ಹಸಿರು ಪಟ್ಟಿ ಇನ್ನೂ ಎಡತುದಿಯಲ್ಲೇ ತೆವಳುತ್ತಿತ್ತು. ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ನೀಲಿ ಪೋರ್ಟು ಖಾಲಿ. ಡಿಸ್ಕಿನ ವೈರು ಅದರ ಮೇಲಿನ ಕಪ್ಪು ಪೋರ್ಟಿನಲ್ಲಿತ್ತು.

“ಇದನ್ನ ಯಾರು ಚುಚ್ಚಿದ್ದು?” ಕೆಳಗಿನಿಂದಲೇ ಕೇಳಿದೆ.

“ಸಾರೇ. ಈಗ ದಿನಾ ಅವರೇ ಇಸ್ಕೊಂಡು ಹಾಕ್ತಾರೆ. ಯಾಕಕ್ಕಾ?”

“ಯಾವುದಕ್ಕೆ ಹಾಕ್ತಾರೆ ಅಂತ ನೋಡಿದ್ಯಾ?”

ಅವಳೂ ಬಗ್ಗಿದಳು. ಧೂಳು, ವೈರುಗಳ ಗಂಟು, ನಮ್ಮಿಬ್ಬರ ತಲೆ. ಖಾಲಿ ನೀಲಿ ಪೋರ್ಟಿನಿಂದ ಕಪ್ಪಿನಲ್ಲಿದ್ದ ವೈರಿನ ತನಕ ಬೆರಳು ಓಡಿಸಿದಳು. ಆಮೇಲೆ ಅವಳ ಕಿವಿ ಕೆಂಪಾಯಿತು.

“ನಿಜವಾಗ್ಲೂ ನಂಗೊತ್ತಿಲ್ಲಕ್ಕಾ. ಹೊಸದು ಹಾಳಾಯ್ತೇನೋ ಅಂದ್ಕೊಂಡಿದ್ದೆ. ಸಾರ್ ಒಳ್ಳೆಯವರು, ಏನೇನೋ ಜೋಕ್ ಹೇಳ್ತಾರೆ, ನಗದಿದ್ರೆ ಚೆನ್ನಾಗಿರಲ್ಲ ಅಂತ...” ದನಿ ಸಣ್ಣದಾಯಿತು. “ಬಸ್ಸು ತಪ್ಪಿ ದಿನಾ ಅಮ್ಮನ ಹತ್ರ ಬೈಸ್ಕೋತಿದೀನಿ.”

ಅವಳ ಮೇಲೆ ಇಷ್ಟು ದಿನ ಕಾಯಿಸಿಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿಡಬೇಕೋ ತಿಳಿಯಲಿಲ್ಲ. ಕಾಪಿ ನಿಲ್ಲಿಸಿ, ವೈರು ಕಿತ್ತು ನೀಲಿಗೆ ಹಾಕಿ ಮತ್ತೆ ಶುರುಮಾಡಿದೆ. ಇಬ್ಬರೂ ಪಟ್ಟಿ ತುಂಬುವುದನ್ನು ನೋಡಿದೆವು. “ನಾಳೆಯಿಂದ ನೀವೇ ಹಾಕ್ಕೊಡಿ ಅಕ್ಕಾ” ಎಂದು ಡಿಸ್ಕ್ ಎದೆಗವಚಿಕೊಂಡು ಹೋದಳು.

ನಾನು ಅವಳ ಕುರ್ಚಿಯಲ್ಲಿ ಕೂತೆ. ಅದು ಇನ್ನೂ ಬೆಚ್ಚಗಿತ್ತು.

ಗಂಡ ಮೂರು ಲೋಟ ಟೀ ಹಿಡಿದು ಭುಜದಿಂದ ಬಾಗಿಲು ತಳ್ಳಿಕೊಂಡು ಬಂದರು. ಮುಖದಲ್ಲಿ ಅರ್ಧ ಹೇಳಿ ಬಿಟ್ಟುಹೋದ ಜೋಕಿನ ನಗು ಇನ್ನೂ ಇತ್ತು.

“ಎಲ್ಲಿ ಟ್ರೈಪಾಡ್?”

“ಬಸ್ಸಿಗೆ ಹೋದ್ಳು. ಕಾಪಿ ಮುಗೀತು.”

“ಇಷ್ಟು ಬೇಗ?”

“ನೀಲಿಗೆ ಹಾಕಿದೆ.”

ಅವರು ಲೋಟಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

“ಕಪ್ಪಿಗೆ ಯಾಕೆ ಹಾಕ್ತಿದ್ರಿ?”

“ಅದು... ನಿಧಾನ ಹೋದ್ರೆ ಗಟ್ಟಿ ಕಣೇ” ಎಂದರು ಪರದೆ ನೋಡುತ್ತಾ. “ಫೈಲ್ ಕೆಡಲ್ಲ.”

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೂ ಅದು ಕೇಳಿಸಿತೆಂದು ಕಾಣುತ್ತದೆ. ಕತ್ತು ತಗ್ಗಿಸಿದರು.

ಆ ಲ್ಯಾಬಿನ ಸೀಡಿ ಯಾಕೆ ಅಷ್ಟು ನಿಧಾನ ತಿರುಗುತ್ತಿತ್ತು ಎಂದು ನನಗೆ ಆಗ ತಿಳಿಯಿತು. ಇಷ್ಟು ವರ್ಷ ನಂಬಿದ್ದು ಸುಳ್ಳೆಂದು ನೋವಾಗಲಿಲ್ಲ. ನೋವಾದದ್ದು, ಆ ಸುಳ್ಳು ಎಷ್ಟು ಚಂದವಿತ್ತು ಎಂದು. ನನಗೊಬ್ಬಳಿಗೇ ಸೇರಬೇಕಿದ್ದ ಸುಳ್ಳು. ಅದನ್ನು ಈಗ ಜೋಕಿಗೆ ಮರ್ಯಾದೆಗಾಗಿ ನಗುವ, ಬಸ್ಸಿನ ಚಿಂತೆಯ ಹುಡುಗಿಗೆ, ಉಪಾಯವನ್ನೂ ಬದಲಿಸದೆ ಕೊಟ್ಟುಬಿಟ್ಟಿದ್ದರು. ಟ್ರೈಪಾಡಿನ ಮೇಲೆ ಹೊಟ್ಟೆಕಿಚ್ಚು ಉಳಿಯಲಿಲ್ಲ. ಖಾಲಿ ಸೀಡಿ ಹಿಡಿದು ಆ ಲ್ಯಾಬಿನ ಮೆಟ್ಟಿಲು ಹತ್ತುತ್ತಿದ್ದ ಹುಡುಗಿಯ ಮೇಲೆ ಬಂತು. ಅವಳಿಗಾಗಿ ಒಬ್ಬರು ಯಂತ್ರದ ಕಾಲನ್ನೇ ಕಟ್ಟಿ ಕೂರಿಸಿದ್ದರು.

ಸೆರಗಿನಲ್ಲಿ ಪೆನ್‌ಡ್ರೈವ್ ಇತ್ತು, ಆ ದಿನದ ಅಡಿಬರಹ. ಮತ್ತೆ ಬಗ್ಗಿದೆ. ನೀಲಿ ಪೋರ್ಟನ್ನು ಬಿಟ್ಟು, ಬೇಕೆಂದೇ ಕಪ್ಪಿಗೆ ಚುಚ್ಚಿದೆ.

“ನನ್ನದೂ ಒಂದು ಕಾಪಿ ಮಾಡ್ಬೇಕು” ಎಂದೆ. “ಅಷ್ಟು ಹೊತ್ತು ಏನಾದ್ರೂ ಹೇಳಿ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬಾಯಿ ತೆರೆದರು.

ಪರದೆಯ ಮೇಲೆ ‘ಮುಗಿಯಿತು’ ಎಂದು ಆಗಲೇ ಬಂದಿತ್ತು. ನಾನು ಬರೆಯುವುದು ಎರಡೆರಡು ಸಾಲು. ಅದನ್ನು ನಿಧಾನ ಮಾಡುವ ಪೋರ್ಟು ಯಾವ ಕಂಪ್ಯೂಟರಿನಲ್ಲೂ ಇಲ್ಲ.