ಹಿನೆವಾಯಿಯ ಬಿಳಿ ಎಳೆ

ಅಲಿಸ್ಟರ್ ಐಸ್ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡೇ ಮಾವೋರಿ ಕುಲದ ಅಂಗಳವಾದ ಮರಾಯೆಯ ಸಭಾಮನೆಯ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಒಳಗೆ, ತೆರೆದ ಶವಪೆಟ್ಟಿಗೆಯ ಪಕ್ಕದಲ್ಲಿ ತೆ ಪಾಯಾ ಸತ್ತ ತಂಗಿಯನ್ನು ಗದರುತ್ತಿದ್ದಳು. ಅವಳ ನಾಲಿಗೆಗೆ ಸತ್ತವರೂ ಬದುಕಿದ್ದವರೂ ಒಂದೇ.

"ನೋಡೇ ಹಿನೆವಾಯಿ, ವೆಲ್ಲಿಂಗ್ಟನ್ನಿಂದ ನಿನ್ನ ಲ್ಯಾಬಿನವ್ರು ಬಂದ್ರು. ಮೊನ್ನೆಯಿಂದ ಮಲಗೇ ಇದೀಯ. ಎದ್ದು ಟೀ ಕೊಡಬಾರ್ದಾ?"

ಅಳುತ್ತಿದ್ದ ಹೆಂಗಸರು ನಕ್ಕುಬಿಟ್ಟರು.

ಅಲಿಸ್ಟರ್ ಡಬ್ಬಿಯಿಂದ ಪುಟ್ಟ ಟ್ಯೂಬನ್ನು ತೆಗೆದ. ಹೊಟ್ಟೆಯ ಕ್ಯಾನ್ಸರ್ ತಮ್ಮ ಮನೆತನವನ್ನೇ ಯಾಕೆ ಹಿಡಿದಿದೆ ಎಂದು ತಿಳಿಯಲು ಹಿನೆವಾಯಿ ತನ್ನ ರಕ್ತದಿಂದ ತಾನೇ ಬೇರ್ಪಡಿಸಿದ್ದ ಡಿಎನ್‌ಎ ಅದು. ಪರೀಕ್ಷೆ ಮುಗಿಯುವ ಮೊದಲೇ ರೋಗ ಅವಳನ್ನೂ ಮುಗಿಸಿತ್ತು. ಮಾವೋರಿಗಳಲ್ಲಿ ದೇಹದ್ದು ದೇಹದ ಜೊತೆಗೇ ಮಣ್ಣಿಗೆ ಹೋಗಬೇಕು. ಅದಕ್ಕೇ ತೆ ಪಾಯಾ ಫೋನ್ ಮಾಡಿ ತರಿಸಿದ್ದಳು.

"ದೊಡ್ಡಮ್ಮ, ಸ್ವಲ್ಪನಾದ್ರೂ ಉಳಿಸ್ಕೊಳ್ಳೋಣ," ಎಂದಳು ಹಿನೆವಾಯಿಯ ಮಗಳು ಮೆರಿಯಾನಾ. "ಪರೀಕ್ಷೆ ಮುಗೀದಿದ್ರೆ ನಂಗೂ ಇದೆಯೋ ಇಲ್ವೋ ಗೊತ್ತಾಗೋದು ಹೇಗೆ? ನನ್ ಮಕ್ಳಿನ್ನೂ ಚಿಕ್ಕವು."

"ನನ್ನ ತಂಗೀನ ಅರ್ಧಂಬರ್ಧ ಕಳಿಸ್ಲಾ?"

ಮೆರಿಯಾನಾ ತಲೆ ತಗ್ಗಿಸಿದಳು. ಅವಳಿಗೆ ಭಯವಾಗಿತ್ತು.

*

ಹಿಂದಿನ ವರ್ಷ ಇದೇ ಕಾಯಿಲೆಗೆ ಹೊಟ್ಟೆ ಆಪರೇಷನ್ ಮಾಡಿಸಿಕೊಂಡು ಚೇತರಿಸಿಕೊಂಡ ತೆ ಪಾಯಾ, ತಂಗಿಯ ಲ್ಯಾಬ್ ನೋಡಲು ಹೋಗಿದ್ದಳು.

"ಗ್ಲೌಸ್ ಹಾಕ್ಕೋ ಅಕ್ಕ. ಅಲ್ಲಿರೋದು ಆರ್‌ಎನ್‌ಎ, ಬರಿಗೈ ಸೋಕಿದ್ರೂ ಹಾಳಾಗತ್ತೆ. ಡಿಎನ್‌ಎ ನಿನ್ನ ಥರ, ಗಟ್ಟಿ ಪಿಂಡ."

ಹಿನೆವಾಯಿ ತನ್ನ ರಕ್ತದ ಕಣಗಳನ್ನು ಒಡೆದು, ಉಪ್ಪು ಹಾಕಿ ಬೇಡದ್ದನ್ನೆಲ್ಲ ತಳಕ್ಕಿಳಿಸಿದ್ದಳು. ಮೇಲಿನ ತಿಳಿಗೆ ತಣ್ಣನೆಯ ಆಲ್ಕೋಹಾಲ್ ಸುರಿದು ಟ್ಯೂಬನ್ನು ಮೆಲ್ಲಗೆ ಮಗುಚಿದಳು. ನಡುವೆ ಬಿಳಿ ಎಳೆಯೊಂದು ಸುರುಳಿಯಾಗಿ ತೇಲಿತು.

"ನಮ್ಮಜ್ಜಿ, ಮುತ್ತಜ್ಜಿ ಎಲ್ಲಾ ಇದ್ರಲ್ಲಿದಾರೆ. ಕಾಯಿಲೆ ಬಂದೋಳು ನೀನು, ನಿನ್ ರಕ್ತಾನೂ ಕೊಟ್ರೆ ಬೇಗ ಗೊತ್ತಾಗತ್ತೆ."

"ಹಿರೀಕರನ್ನ ನಿನ್ನ ಫ್ರಿಜ್ಜಲ್ಲಿ ತುಂಬಕ್ಕೆ ನಾನು ಕೊಡಲ್ಲ, ಹೋಗೇ."

"ಆಯ್ತು ಬಿಡು, ಮಹಾರಾಣಿ," ಎಂದು ಹಿನೆವಾಯಿ ನಕ್ಕಳು. ಬಲವಂತ ಮಾಡಲಿಲ್ಲ.

*

ಪೆಟ್ಟಿಗೆ ಮುಚ್ಚುವ ಹೊತ್ತಾಯಿತು. ತೆ ಪಾಯಾ ಟ್ಯೂಬನ್ನು ತಂಗಿಯ ಅಂಗೈ ಕೆಳಗೆ ಸೇರಿಸಿದಳು. ಮೆರಿಯಾನಾಳ ಬಿಕ್ಕು ಕೇಳಿಸಿತು.

ತೆ ಪಾಯಾ ಬಾಗಿ ತಂಗಿಯ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿದಳು. "ಗೆದ್ಬಿಟ್ಯಲ್ಲೇ," ಎಂದಳು.

ಆಮೇಲೆ ಮೆರಿಯಾನಾಳ ಪಕ್ಕದಲ್ಲಿ ಕುಸಿದು ಕೂತು, ಕರಿ ಸ್ವೆಟರಿನ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿ ಅಲಿಸ್ಟರನ ಮುಂದೆ ಕೈ ಚಾಚಿದಳು.

"ರಕ್ತಾನ ನಾಳೆ ಆಸ್ಪತ್ರೇಲಿ ತೆಗೀತಾರಮ್ಮ," ಎಂದ ಅವನು.

ಮುಚ್ಚಳಕ್ಕೆ ಕೊನೆಯ ತಿರುಪು ಬೀಳುವವರೆಗೂ ತೆ ಪಾಯಾ ಆ ಬರಿಗೈಯನ್ನು ಹಿಂದಕ್ಕೆ ತೆಗೆಯಲಿಲ್ಲ.