ಕೆಂದಿಯ ಬಲಗಾಲು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಮನೆ ನನ್ನದಲ್ಲ, ತಂಗಿಯ ಗಂಡನದು. ಕೂಸೂ ಅವರದು, ಆಕಳೂ ಅವರದು. ನಾನು ಕೊಟ್ಟೂರಿನಿಂದ ಗೃಹಪ್ರವೇಶದ ಬಟ್ಟೆ ಕೊಡಲು ಹೋಗಿ ನಡುವೆ ಸಿಕ್ಕಿಕೊಂಡವನು. ಆದರೆ ಆ ಮನೆಯವರು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೇಳಿದವರು ಕೊನೆಗೆ ನನ್ನ ಕಡೆ ತಿರುಗಿ, "ಖರೇ ಏನ್ರಿ? ನೀವ ಇದ್ರೆಲ್ಲ?" ಎನ್ನುತ್ತಾರೆ. ನಿಂತ ನಿಲುವಿನಲ್ಲಿ ಉತ್ತರ ಕೊಡಲು ನನಗೆ ಬರುವುದಿಲ್ಲ, ಬಾಯಿ ತೊದಲುತ್ತದೆ. ಸಂಜೆ ಶಾಲೆಯಲ್ಲಿ ಕಲಿತ ಅಕ್ಷರವನ್ನು ನಂಬಿ ನಿಧಾನವಾಗಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಕೋಗಳಿಯ ಊರಂಚಿನಲ್ಲಿ ನನ್ನ ತಂಗಿ ಸಮತಾಳ ಗಂಡ ಅಮರೇಶ್ ಹಳೆಯ ಮಣ್ಣಿನ ಮನೆ ಕೆಡವಿ ಹೊಸದು ಕಟ್ಟಿಸಿದ್ದ. ಗೋಡೆ ಎದ್ದಿತ್ತು, ಆರ್‌ಸಿಸಿ ಬಿದ್ದಿತ್ತು, ಗೋಡೆಗೆ ಸಿಮೆಂಟಿನ ಗಿಲಾವೂ ಆಗಿತ್ತು. ಬಾಗಿಲ ಚೌಕಟ್ಟು ನಿಂತಿತ್ತು, ಬಾಗಿಲು ಮಾತ್ರ ಇನ್ನೂ ಬಂದಿರಲಿಲ್ಲ. ಬರುವ ಸೋಮವಾರ ಗೃಹಪ್ರವೇಶ. ಅಲ್ಲಿಯವರೆಗೆ ಎಲ್ಲರ ಸಂಸಾರ ಎದುರಿನ ತಗಡಿನ ಶೆಡ್ಡಿನಲ್ಲಿ. ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತಲೂ ಮೇಲೂ ತಗಡು ಹೊದಿಸಿ, ಗಾಳಿಗೆ ಏಳದಿರಲೆಂದು ತಗಡಿನ ಮೇಲೆ ದಪ್ಪ ಕಲ್ಲು ಹೇರಿದ್ದರು. ನಡುವಿನ ಅಡ್ಡ ಪೈಪಿಗೆ ಸಮತಾಳ ಹಳೆಯ ಹಸಿರು ಸೀರೆಯ ಜೋಳಿಗೆ ಕಟ್ಟಿತ್ತು. ಅದೇ ತೊಟ್ಟಿಲು. ಅದರಲ್ಲಿ ಅಮೃತಾ, ಇನ್ನೂ ಕೂರಲು ಕಲಿಯುತ್ತಿದ್ದ ಕೂಸು.

ನಾನು ಹೋದ ಕೂಡಲೇ ಹೊಸ ಮನೆ ನೋಡೋಣವೆಂದು ಚೌಕಟ್ಟಿನ ಹತ್ತಿರ ಕಾಲಿಟ್ಟೆ. ಸಮತಾಳ ಅತ್ತೆ ಗುರುಬಸಮ್ಮ ಹಿಂದಿನಿಂದ ಕೂಗಿದರು.

"ಹೊರಗಿಂದಾ ನೋಡ್ರಿ ಗಂಗಾಧರಪ್ಪ! ಮನಿ ಕಟ್ಟೋ ಗೌಂಡ್ಯಾರು ಹೋಗಬಹುದು, ಅದು ಕೆಲಸ. ಮನಿಯವರು, ಬೀಗರು ಹೋಗಂಗಿಲ್ಲ. ಮೊದ್ಲ ಕೆಂದಿ ಹೋಗಬೇಕು."

ಕೆಂದಿ ಅವರ ಕೆಂಪು ಆಕಳು. ಶೆಡ್ಡಿನ ಪಕ್ಕದ ಬೇವಿನ ಮರದ ಕೆಳಗೆ ಗೂಟಕ್ಕೆ ಕಟ್ಟಿಸಿಕೊಂಡು ಮೆಲುಕು ಹಾಕುತ್ತಿತ್ತು.

"ಹಂಗಾರ ಈಗ ಒಂದ್ಸಲ ಒಳಗ ಎಳಕೊಂಡು ಹೋಗಿಬಿಡೂಣಲ್ಲ ಅತ್ತೀ," ಎಂದೆ ನಗುತ್ತ.

"ಎಳಕೊಂಡು ಹೋದ್ರ ಅದು ಮನಿ ಅಲ್ಲಪ್ಪ, ದನದ ಕೊಟ್ಟಿಗಿ. ಆಕಿ ತಾನಾ ಹೋಗಬೇಕು."

ಸಮತಾಳ ಮಾವ ಬೆನಕಪ್ಪನವರು, ಹಗ್ಗ ಹೊಸೆಯುತ್ತ ಕೂತಿದ್ದವರು ತಲೆ ಎತ್ತಲಿಲ್ಲ. "ತಾನಾ ಹೋಗ್ಲಿ ಅಂತ ಬಾಗಿಲಾಗ ಬೆಲ್ಲ ಇಡ್ತಾಳಂತ. ಅದೇನು ತಾನಾ ಹೋದಂಗೋ?"

"ಬೆಲ್ಲ ಇಡೋದು ಬ್ಯಾರೆ, ಹಗ್ಗ ಹಿಡಿಯೋದು ಬ್ಯಾರೆ! ನಿಮಗ ಏನ್ ತಿಳೀತೈತಿ?"

ನಾನು ನಕ್ಕೆ. ಸಮತಾ ನಗಲಿಲ್ಲ. ಆಮೇಲೆ ಚಹಾ ಕೊಡುವಾಗ ಮೆಲ್ಲಗೆ ಹೇಳಿದಳು: ಹಿಂದಿನ ಮಣ್ಣಿನ ಮನೆಗೆ ಅತ್ತೆ-ಮಾವ ಅವಸರದಲ್ಲಿ, ಶಾಸ್ತ್ರ ಮಾಡದೆ ಹೊಕ್ಕಿದ್ದರಂತೆ. ಆ ವರ್ಷವೇ ಅತ್ತೆಯ ಚೊಚ್ಚಲ ಕೂಸು ಜ್ವರದಲ್ಲಿ ಹೋಯಿತು. ಅದೂ ಅಮೃತಾಳಷ್ಟೇ ದೊಡ್ಡದಿತ್ತಂತೆ. "ಅದಕ್ಕ ಅವರ ಮುಂದ ಈ ಮಾತು ಚಾಷ್ಟಿ ಮಾಡಬ್ಯಾಡಣ್ಣ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೆಕೆ ಹೆಚ್ಚಾಯಿತು. ಬೇವಿನ ಒಂದೆಲೆಯೂ ಅಲ್ಲಾಡಲಿಲ್ಲ. ಅಮರೇಶ್ ಬಾಗಿಲು ತರಲು ಗೂಡ್ಸ್ ಆಟೋ ಮಾಡಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋಗಿದ್ದ. ಅಲ್ಲಿಂದ ಸಮತಾಳಿಗೆ ಫೋನು ಬಂತು. ಅವಳು ಸ್ಪೀಕರಿಗೆ ಹಾಕಿದಳು. ಮೊದಲು ಕೇಳಿದ್ದು ಗಾಳಿಯ ಸದ್ದು, ಆಮೇಲೆ ಅವನ ಕೂಗು.

"ಸಮತಾ, ಇಲ್ಲಿ ಅಂಗಡಿ ಬೋರ್ಡು ಹಾರಾಕತ್ತಾವ! ಆಲಿಕಲ್ಲು ಬೀಳಾಕತ್ತೈತಿ! ನಿಮ್ಮ ಕಡೀಗೇ ಬರಾಕತ್ತೈತಿ ಮುಗಿಲು. ಶೆಡ್ಡಿನಾಗ ಇರಬ್ಯಾಡ್ರಿ. ಕೂಸಿನ ತಗೊಂಡು ಹೊಸ ಮನಿಯೊಳಗ ಹೋಗ್ರಿ. ಕೇಳ್ತೈತಾ? ಅವ್ವಗ ಹೇಳು, ನಾನ ಹೇಳೀನಿ ಅಂತ..."

ಫೋನು ಕಟ್ಟಾಯಿತು. ಮತ್ತೆ ಹತ್ತಲಿಲ್ಲ.

ಹೊರಗೆ ಬಂದು ನೋಡಿದೆವು. ಆಕಾಶದ ಒಂದು ಬದಿ ಇರಲೇ ಇಲ್ಲ. ಅಲ್ಲಿ ಕೆಂಪು ಮಣ್ಣಿನ ಗೋಡೆಯೊಂದು ಎದ್ದಿತ್ತು, ನಡೆದು ಬರುತ್ತಿತ್ತು. ದೂರದ ಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳು ಒಂದೊಂದಾಗಿ ಅದರೊಳಗೆ ಮುಳುಗಿದವು. ನನಗೆ ಭಯವಾಗಬೇಕಿತ್ತು, ಆಯಿತು ಕೂಡ. ಆದರೆ ಮೈಯೆಲ್ಲ ಒಂದು ಥರ ಜುಂ ಎಂದಿತು; ಚಿಕ್ಕವನಾಗಿದ್ದಾಗ ಮೊದಲ ಸಲ ರೈಲು ಹತ್ತಿರದಿಂದ ಹಾದುಹೋದಾಗ ಹಾಗೆ ಆಗಿತ್ತು.

"ಅತ್ತೀ, ಹೋಗೂಣು ನಡೀರಿ," ಎಂದಳು ಸಮತಾ.

"ಎಲ್ಲಿಗೆ? ಆಕಳ ಹೋಗದ ಮನಿಗೆ ಕೂಸಿನ ಒಯ್ತೀಯೇನು?"

"ನಿಮ್ಮ ಮಗನ ಹೇಳ್ಯಾರಲ್ಲ್ರಿ."

"ಅವನೇನು ಪೂಜಿ ಮಾಡೋ ಅಯ್ಯನವರೇನು? ಗಾಳಿ ಬಂದೈತಿ, ಹೋಗತೈತಿ. ಇಂಥಾವು ಎಷ್ಟು ನೋಡೀನಿ. ಮೊದ್ಲ ಸಂಡಿಗಿ ಒಳಗ ತರಬೇಕು!"

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇವಿನ ಮರದಾಚೆ ಮಂಚದ ಮೇಲೆ ಒಣಹಾಕಿದ್ದ ಸಂಡಿಗೆಗೆ ಓಡಿದರು. ಬೆನಕಪ್ಪನವರು ಸಿಮೆಂಟಿನ ಚೀಲಕ್ಕೆ ತಾಡಪತ್ರಿ ಮುಚ್ಚಲು ಅದೇ ಕಡೆ ಹೋದರು. ಸಮತಾ, "ಅಣ್ಣ, ಕೂಸಿನ ತೂಗ್ತಿರು, ಅರಿವಿ ತಂದೆ," ಎಂದು ಅದೇ ಬೇವಿನ ಮರಕ್ಕೆ ಕಟ್ಟಿದ್ದ ತಂತಿಯ ಮೇಲಿನ ಬಟ್ಟೆ ತೆಗೆಯಲು ಹೋದಳು. ಒಳಗೆ ನಾನು, ಕೂಸು ಇಬ್ಬರೇ. ಈ ಸ್ವಲ್ಪ ಹೊತ್ತಿನಲ್ಲಿ ಹೊರಗೆ ಏನಾಯಿತೋ ನಾನು ನೋಡಿಲ್ಲ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಅತ್ತೆ ಸಂಡಿಗೆ ತುಂಬಿದ ಬಿದಿರಿನ ಮೊರ ಹೊತ್ತು, ಸಮತಾ ಬಟ್ಟೆ ಅವಚಿಕೊಂಡು ಒಳಗೆ ಬಂದದ್ದೂ ಗಾಳಿ ಬಂದದ್ದೂ ಒಟ್ಟಿಗೇ. ಕತ್ತಲಾಯಿತು. ಬಾಯಿ, ಮೂಗು, ಕಣ್ಣು ಎಲ್ಲ ಮಣ್ಣು. ಹಿಂದೆಯೇ ಆಲಿಕಲ್ಲು. ತಗಡಿನ ಮೇಲೆ ಯಾರೋ ಚೀಲಗಟ್ಟಲೆ ಜಲ್ಲಿ ಸುರಿದಂತೆ ಸದ್ದು; ಪಕ್ಕದಲ್ಲಿದ್ದವರ ಮಾತು ಕೇಳದು. ಬೇವಿನ ಕೊಂಬೆಯೊಂದು ಲಟಕ್ಕನೆ ಮುರಿಯಿತು. ಅದರ ಬೆನ್ನಿಗೇ ತಗಡು ಉಸಿರಾಡತೊಡಗಿತು. ಹೌದು, ಉಸಿರಾಟವೇ: ಮೇಲೆ ಉಬ್ಬುವುದು, ಧಡ್ ಎಂದು ಕೂರುವುದು, ಮತ್ತೆ ಉಬ್ಬುವುದು. ಉಬ್ಬಿದಾಗ ಸಂದಿಯಲ್ಲಿ ಬೆಳಕು ಕಂಡಿತು. ಮುಂದಿನ ಸಲ ಆ ಸಂದಿಯಿಂದ ಮೇಲಿನ ಕಲ್ಲೊಂದು ಜಾರಿ ನೀರಿನ ಕೊಡದ ಮೇಲೆ ಬಿತ್ತು. ಕೊಡ ಜಜ್ಜಿ ಚಪ್ಪಟೆಯಾಯಿತು. ಜೋಳಿಗೆಯಿಂದ ಅದು ಒಂದು ಮಾರು ದೂರವೂ ಇರಲಿಲ್ಲ.

ಅಡ್ಡ ಪೈಪು ಎದ್ದಿತು. ಜೋಳಿಗೆಯೂ ಅದರ ಜೊತೆ ಗೇಣುದ್ದ ಮೇಲೆದ್ದು ಕೆಳಗೆ ಬಿತ್ತು. ನಾನು ಚೀರಿದೆನೆಂದು ಸಮತಾ ಹೇಳುತ್ತಾಳೆ, ಇರಬಹುದು. ಕೂಸು ಮಾತ್ರ ಕಿಲಕಿಲ ನಕ್ಕಿತು. ಯಾರೋ ಜೋರಾಗಿ ತೂಗುತ್ತಿದ್ದಾರೆಂದು ಅದಕ್ಕೆ ಅನಿಸಿರಬೇಕು.

"ಪೈಪು ಹಿಡಿಯಣ್ಣ!"

ಹಾರಿ ಪೈಪಿಗೆ ಜೋತುಬಿದ್ದೆ. ನನ್ನ ಭಾರಕ್ಕೆ ಅದು ನಿಲ್ಲುತ್ತದೆ ಎಂದುಕೊಂಡಿದ್ದೆ. ಗಾಳಿ ನನ್ನನ್ನೂ ಸೇರಿಸಿ ಎತ್ತಿತು. ಕಾಲು ನೆಲ ಬಿಟ್ಟವು. ಕೆಳಗೆ ಸಮತಾ ಜೋಳಿಗೆಗೆ ಎರಡೂ ಕೈ ಹಾಕಿ ಕೂಸನ್ನು ಕಿತ್ತುಕೊಂಡಳು. ಶೆಡ್ಡಿನ ಬಾಗಿಲಿಗೆ ತಿರುಗಿದಳು. ಬಾಗಿಲಲ್ಲಿ ಗುರುಬಸಮ್ಮ ಎರಡೂ ಕೈ ಅಗಲಿಸಿ ನಿಂತಿದ್ದರು.

"ಬ್ಯಾಡವ್ವಾ! ಆ ಮನಿಗೆ ಬ್ಯಾಡ! ಒಂದು ಕೂಸು ಕಳಕೊಂಡೀನಿ ನಾನು!"

"ಇದನ್ನೂ ಕಳಕೋತೀರಿ! ಸರೀರಿ ಅತ್ತೀ!"

"ಕೈ ಮುಗೀತೀನಿ, ಇಲ್ಲೇ ಗ್ವಾಡಿ ಬುಡಕ ಕೂಡೂಣು..."

"ತಗಡಿಗೆ ಗ್ವಾಡಿ ಎಲ್ಲೈತ್ರೀ!"

ಇಬ್ಬರೂ ಅಳುತ್ತಿದ್ದರು. ಇಬ್ಬರೂ ಅದೇ ಕೂಸಿಗಾಗಿ. ನಾನು ಪೈಪಿನಲ್ಲಿ ನೇತಾಡುತ್ತ, ಬೀಗರ ಮನೆಯಲ್ಲಿ ಹಿರಿಯಳಿಗೆ ಏನು ಹೇಳಬೇಕೆಂದು ತಿಳಿಯದೆ, "ಅತ್ತೀ, ಅತ್ತೀ" ಎನ್ನುತ್ತಿದ್ದೆ, ಅಷ್ಟೆ.

ಆಗ ಗಂಟೆ ಕೇಳಿತು.

ಆ ಗದ್ದಲದಲ್ಲಿ ಅದು ಹೇಗೆ ಕೇಳಿತೋ. ಕೆಂದಿಯ ಕೊರಳ ಗಂಟೆ. ಬಾಗಿಲಾಚೆ ಆಲಿಕಲ್ಲಿನ ಬಿಳಿ ಪರದೆಯಲ್ಲಿ ಕೆಂಪಗೆ ಏನೋ ಹಾಯಿತು. ಬಾಲ ಎತ್ತಿಕೊಂಡು, ಕಿವಿ ಹಿಂದಕ್ಕೆ ಒತ್ತಿಕೊಂಡು, ಕೆಂದಿ ಅಂಗಳ ದಾಟಿ ಆ ಬಾಗಿಲಿಲ್ಲದ ಚೌಕಟ್ಟಿನೊಳಗೆ ನೆಟ್ಟಗೆ ನುಗ್ಗಿತು. ಎಳೆಯುವವರಿಲ್ಲ, ಬೆಲ್ಲವಿಲ್ಲ.

ಗುರುಬಸಮ್ಮನವರ ಕೈ ಕೆಳಗಿಳಿದವು.

"ಬಲಗಾಲು!" ಎಂದು ಕೂಗಿದರು. "ನೋಡಿದ್ರಿಲ್ಲೋ? ಬಲಗಾಲಿಟ್ಟು ಹೋದ್ಲು! ತಾನಾ ಹೋದ್ಲು ನನ್ನವ್ವ!"

ಆ ಮಣ್ಣು ಮಳೆಯಲ್ಲಿ ಆಕಳಿನ ನಾಲ್ಕು ಕಾಲಲ್ಲಿ ಯಾವುದು ಮೊದಲು ಹೊಸ್ತಿಲು ದಾಟಿತೆಂದು ಯಾವ ಮನುಷ್ಯನಿಗೂ ಕಂಡಿರಲಾರದು. ಆದರೆ ಅದನ್ನು ಕೇಳುವ ಹೊತ್ತೇ ಅದು?

"ಇನ್ನ ಏನ್ ನೋಡಕೊಂತ ನಿಂತೀರಿ? ನಡೀರಿ! ಗಂಗಾಧರಪ್ಪ, ಇಳೀರಿ ಅಲ್ಲಿಂದ, ಕೋತಿ ಆಡಿದಂಗ!"

ಸಂಡಿಗೆಯನ್ನೆಲ್ಲ ನೆಲಕ್ಕೆ ಸುರಿದು ಆ ಮೊರವನ್ನು ಕೂಸಿನ ಮೇಲೆ ಹಿಡಿದವರೂ ಅವರೇ. ಓಡಿದೆವು. ಅಂಗಳ ನಿಂಬೆಕಾಯಿ ಗಾತ್ರದ ಆಲಿಕಲ್ಲಿನಿಂದ ತುಂಬಿತ್ತು. ಕಾಲು ಜಾರಿ ನಾನು ಒಮ್ಮೆ ಬಿದ್ದೆ, ಎದ್ದೆ. ಬೆನ್ನ ಮೇಲೆ ಯಾರೋ ಗುದ್ದಿದಂತೆ ಪೆಟ್ಟು. ಮೊರದ ಮೇಲೆ ಟಪಟಪ ಸದ್ದು. ಅತ್ತೆ ಅಂಥ ಓಟದಲ್ಲೂ ಹೊಸ್ತಿಲ ಮುಂದೆ ಒಂದು ಕ್ಷಣ ನಿಂತು, ಹೆಜ್ಜೆ ಬದಲಿಸಿ, ಬಲಗಾಲಿಟ್ಟು ಒಳಗೆ ಹೋದರು. ಸಮತಾಳ ಬೆನ್ನಿಗೆ ನಾನು. ನನ್ನ ಬೆನ್ನಿಗೆ ಬೆನಕಪ್ಪನವರು ಎಲ್ಲಿಂದಲೋ ಓಡಿ ಬಂದರು, ತಲೆಯ ಮೇಲೆ ಖಾಲಿ ಸಿಮೆಂಟ್ ಚೀಲ.

ತಿರುಗಿ ನೋಡಿದೆ. ಶೆಡ್ಡಿನ ಮಾಡು ಒಂದು ಬದಿಯಿಂದ ಎದ್ದಿತು, ಪುಸ್ತಕದ ಹಾಳೆ ತಿರುವಿದಂತೆ. ಕಲ್ಲುಗಳೆಲ್ಲ ಒಳಗೆ ಉದುರಿದವು. ನಾವು ನಿಂತಿದ್ದ ಜಾಗಕ್ಕೇ. ಪೈಪು, ತಗಡು ಎಲ್ಲ ಸೇರಿ ಗಾಳಿಯಲ್ಲಿ ಒಮ್ಮೆ ಹೊರಳಿತು. ಅಡ್ಡ ಪೈಪಿಗೆ ಕಟ್ಟಿದ್ದ ಹಸಿರು ಜೋಳಿಗೆ ಇನ್ನೂ ಕಟ್ಟಿಕೊಂಡೇ ಇತ್ತು, ಬಾವುಟದ ಹಾಗೆ ಪಟಪಟಿಸುತ್ತ ಅಂಗಳ ದಾಟಿತು, ರಸ್ತೆ ದಾಟಿತು, ಆಚೆಯ ಜಾಲಿಯಲ್ಲಿ ಸಿಕ್ಕಿಕೊಂಡು ನಿಂತಿತು.

ಸಮತಾ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ಅವಳ ತೊಡೆಯಿಂದ ಗುರುಬಸಮ್ಮ ಕೂಸನ್ನು ಎತ್ತಿಕೊಂಡು, ತಲೆ, ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ನೋಡಿದರು. ಇನ್ನೊಮ್ಮೆ ನೋಡಿದರು. ಹಿಂದೆ ಮೂಲೆಯಲ್ಲಿ ಕೆಂದಿ ಹೊಸ ನೆಲದ ಮೇಲೆ ಧಾರಾಳವಾಗಿ ಸಗಣಿ ಹಾಕಿತು.

"ತಗೋ," ಎಂದರು ಬೆನಕಪ್ಪ, "ಸಾರಿಸೋದೂ ಮುಗೀತು."

ಮೊದಲು ನಕ್ಕವರು ಅತ್ತೆ. ಆಮೇಲೆ ಎಲ್ಲರೂ ನಕ್ಕೆವು. ನಗು ನಿಲ್ಲಿಸಲು ಆಗದೆ ಹೊಟ್ಟೆ ಹಿಡಿದುಕೊಂಡೆವು. ನಾನೂ ಮಾವನವರೂ ಸೆಂಟ್ರಿಂಗಿನ ಹಲಗೆಯೊಂದನ್ನು ಚೌಕಟ್ಟಿಗೆ ಅಡ್ಡ ಒತ್ತಿ ಹಿಡಿದೆವು. ಗಾಳಿ ಅದನ್ನು ಒದೆಯುತ್ತಿತ್ತು, ನಾವು ನಗುತ್ತಿದ್ದೆವು.

ಬಂದಷ್ಟೇ ಬೇಗ ಅದು ಹೋಯಿತು. ಬಿಸಿಲು ಬಿತ್ತು. ಆಟೋ ನಿಂತ ಸದ್ದು, ಆಮೇಲೆ ಅಮರೇಶ್ ದನಿ. ಮೊದಲು ಕೂಗು, ನಂತರ ಕೂಗಲ್ಲದ ಒಂದು ಸದ್ದು. ಅವನಿಗೆ ಕಂಡದ್ದು ಮಾಡು ಹಾರಿಹೋದ ಶೆಡ್ಡು, ಕಲ್ಲಿನ ರಾಶಿ, ಜಾಲಿ ಮುಳ್ಳಿನಲ್ಲಿ ನೇತಾಡುವ ಜೋಳಿಗೆ. ಅವನು ಆ ಜಾಲಿಯ ಕಡೆ ಓಡುತ್ತಿದ್ದ.

"ಎಲ್ಲಿಗೆ ಓಡ್ತೀಯಲೇ?" ಗುರುಬಸಮ್ಮ ಹಲಗೆ ಸರಿಸಿ ಕೂಸನ್ನು ಎತ್ತಿ ತೋರಿಸಿದರು. "ಇಲ್ಲೈತಿ ನಿನ್ನ ಮಗಳು. ಮನಿ ಒಕ್ಕಲಾತು. ಬಲಗಾಲಿಟ್ಟು ಬಾ ಒಳಗ!"

ಅವನು ಅಂಗಳದ ಆಲಿಕಲ್ಲಿನಲ್ಲಿ ಹಾಗೇ ಮೊಣಕಾಲೂರಿದ. ಬಾಗಿಲು ಆಟೋದಲ್ಲೇ ಉಳಿಯಿತು. ಆ ಸಂಜೆ ಗುರುಬಸಮ್ಮ ಕೆಂದಿಯ ಹಾಲು ಕರೆದು, ಮೂರು ಇಟ್ಟಿಗೆಯ ಒಲೆ ಹೂಡಿ ಉಕ್ಕಿಸಿದರು. ಸೋಮವಾರ ಅಯ್ಯನವರು ಬಂದು ಎಲ್ಲ ಕೇಳಿ, "ಗೋವು ತಾನಾ ಹೊಕ್ಕೈತಿ ಅಂದ ಮ್ಯಾಲೆ ನಂದೇನೈತಿ, ಊಟ ಹಾಕ್ರಿ," ಎಂದರಂತೆ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಂಡದ್ದನ್ನು ಬಿಟ್ಟರೆ ತಪ್ಪಾಗುತ್ತದೆ. ಮಳೆ ನಿಂತ ಮೇಲೆ ನಾನು ಬೇವಿನ ಬುಡಕ್ಕೆ ಹೋಗಿದ್ದೆ. ಗೂಟ ಇತ್ತು, ಗೂಟಕ್ಕೆ ಹಗ್ಗವೂ ಇತ್ತು. ಹಗ್ಗ ಎಲ್ಲೂ ಹರಿದಿರಲಿಲ್ಲ. ಕೊರಳಿಗೆ ಹಾಕುವ ಕುಣಿಕೆ ಬಿಚ್ಚಿ ನೆಲದ ಮೇಲಿತ್ತು.

ಬೆನಕಪ್ಪನವರನ್ನು ಕೇಳಿದೆ. "ಹಳೇ ಹಗ್ಗಪ್ಪ, ಜಾರಿರಬೇಕು," ಎಂದರು, ಹೊಸ ಹಗ್ಗ ಹೊಸೆಯುತ್ತ. ಸಮತಾ, "ನಾನು ಅರಿವಿ ತರಾಕ ಹೋಗಿದ್ನೆಲ್ಲ," ಎಂದು ಒಲೆಯ ಕಡೆ ತಿರುಗಿದಳು. ಗುರುಬಸಮ್ಮನವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರೂ ಸಂಡಿಗೆಗೆಂದು ಆ ಮರದ ಕೆಳಗೇ ಹೋಗಿದ್ದರು. ಬಾಗಿಲಲ್ಲಿ ಕೈ ಅಗಲಿಸಿ ನಿಂತಾಗ, ಗಂಟೆ ಕೇಳುವ ಮೊದಲೇ, ಅವರು ಒಮ್ಮೆ ಬೇವಿನ ಕಡೆ ಹೊರಳಿ ನೋಡಿದರೆಂದು ನನಗೆ ಅನಿಸುತ್ತದೆ. ಅನಿಸುತ್ತದೆ, ಅಷ್ಟೆ. ಆಗ ನಾನು ಪೈಪಿನಲ್ಲಿ ನೇತಾಡುತ್ತಿದ್ದೆ, ಕಣ್ಣಲ್ಲಿ ಮಣ್ಣಿತ್ತು.

ಕುಣಿಕೆ ತಾನೇ ಜಾರಿತೋ, ಮೂವರಲ್ಲಿ ಯಾರಾದರೂ ಬಿಚ್ಚಿದರೋ, ನನಗೆ ಗೊತ್ತಿಲ್ಲ.